ಯೋಚಿಸಿದರೆ ದಂಡ

ರಾತ್ರಿ 8 ಗಂಟೆ 5 ನಿಮಿಷ ಆಯಿತೆಂದರೆ ನಮ್ಮ ಅಕ್ಕನ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ. ಮಿಕ್ಸಿ ತಿರುಗುವಂತಿಲ್ಲ. ಭಾವನವರಿಗೆ ಕೆಮ್ಮು ಬಂದರೆ ಬಾಲ್ಕನಿಗೆ ಹೋಗಿ ಕೆಮ್ಮಿ ಬರಬೇಕು. ಹಿಂದೆಲ್ಲ ಈ ಹೊತ್ತಿಗೆ ಟಿವಿಯಲ್ಲಿ ಯಾರೋ ಅತ್ತೆ ಯಾರೋ ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಳು, ಈಗ ಅವಳ ಬಾಯಿಯೂ ಬಂದ್. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಮಗರಾಯ ಒಳಕೋಣೆಯಲ್ಲಿ ಕೋಡ್‌ಫೋರ್ಸಸ್ ಎಂಬ ರಷ್ಯಾ ಮೂಲದ ಜಾಲತಾಣದ ಪ್ರೋಗ್ರಾಮಿಂಗ್ ಕಾಂಟೆಸ್ಟಿಗೆ ಕೂತಿದ್ದಾನೆ. ಮಾಸ್ಕೋದ ಗಡಿಯಾರದಲ್ಲಿ ಸಂಜೆ 5:35 ಆದರೆ ವಿಜಯನಗರದ ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ. ಹಿಂದಿನ ಜಾರ್ ದೊರೆಗಳ ಆಜ್ಞೆಯೂ ಇಷ್ಟು ದೂರ ನಡೆದಿರಲಿಲ್ಲ.

ಈ ಆಟದ ಮರ್ಮ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆರೇಳು ಲೆಕ್ಕ ಕೊಡುತ್ತಾರೆ. ಎ ಸುಲಭ, ಬಿ ಸ್ವಲ್ಪ ಬಿಗಿ, ಹೀಗೇ ಏರುತ್ತ ಏರುತ್ತ ಎಫ್, ಜಿ ಅನ್ನುವ ಹೊತ್ತಿಗೆ ಕಣದಲ್ಲಿ ಬೆರಳೆಣಿಕೆಯ ಮಂದಿ ಉಳಿದಿರುತ್ತಾರೆ. ಲೆಕ್ಕ ಓದಿ, ಉಪಾಯ ಹುಡುಕಿ, ಪ್ರೋಗ್ರಾಂ ಬರೆದು ಸಬ್‌ಮಿಟ್ ಮಾಡಬೇಕು. ತಿದ್ದುವುದು ಯಂತ್ರ. ಅದಕ್ಕೆ ದಯೆ ದಾಕ್ಷಿಣ್ಯ ಇಲ್ಲ, ಅರ್ಧ ಮಾರ್ಕು ಕೊಡುವ ಹಳೆಯ ಮೇಷ್ಟರ ಕರುಳೂ ಇಲ್ಲ. ಇಷ್ಟೇ ಆಗಿದ್ದರೆ ಇದು ಬುದ್ಧಿಯ ಪರೀಕ್ಷೆ ಎಂದು ಒಪ್ಪಿಕೊಂಡು ನಾನು ಸುಮ್ಮನಿರುತ್ತಿದ್ದೆ. ಆದರೆ ಇಲ್ಲಿ ಯೋಚನೆಗೆ ಮೀಟರ್ ಹಾಕಿದ್ದಾರೆ. ಬೆಂಗಳೂರಿನ ಆಟೋಗಳಿಗೆ ಹಾಕಿರುವಂಥದ್ದೇ ಮೀಟರು, ಒಂದೇ ವ್ಯತ್ಯಾಸ, ಇದು ಓಡುತ್ತದೆ.

ಎರಡು ಗಂಟೆಯ ಪಂದ್ಯದಲ್ಲಿ 500 ಅಂಕದ ಲೆಕ್ಕ ನಿಮಿಷಕ್ಕೆ 2 ಅಂಕದಂತೆ ಕರಗುತ್ತದೆ. 2,000 ಅಂಕದ್ದು ನಿಮಿಷಕ್ಕೆ 8. ಒಂದು ತಪ್ಪು ಉತ್ತರ ಒಪ್ಪಿಸಿದರೆ 50 ಅಂಕ ಕಟ್. ನಾನು ಹಳೇ ಕಾಲದವನು, ಪೆನ್ನು ಹಿಡಿದು ಲೆಕ್ಕ ಹಾಕಿದೆ. 500ರ ಲೆಕ್ಕವೊಂದನ್ನು 25 ನಿಮಿಷ ಹೆಚ್ಚಿಗೆ ಕೂತು ಯೋಚಿಸಿ ಸರಿಯಾಗಿ ಬಿಡಿಸಿದರೆ ಆಗುವ ನಷ್ಟ 50 ಅಂಕ. ಯೋಚಿಸದೆ ಒಂದು ತಪ್ಪು ಒಗಾಯಿಸಿ, ಮರುಕ್ಷಣ ತಿದ್ದಿ ಕಳಿಸಿದರೂ ನಷ್ಟ 50 ಅಂಕವೇ. ಅಂದರೆ 25 ನಿಮಿಷದ ಯೋಚನೆಗೂ ಒಂದು ಅವಿವೇಕಕ್ಕೂ ಮಾರುಕಟ್ಟೆಯಲ್ಲಿ ಒಂದೇ ದರ. ಯಾವ ಜಾಣ ಯೋಚಿಸುತ್ತಾನೆ ಹೇಳಿ?

8:09. ಒಳಗಿನಿಂದ ಕೀಬೋರ್ಡ್ ಸದ್ದು ನಿಂತಿತು. "ಎ ಆಯ್ತು," ಎಂಬ ಘೋಷಣೆ. ನಾಲ್ಕು ನಿಮಿಷ! ಅಕ್ಕನ ಮುಖ ಅರಳಿತು. ಮಗ ಏನು ಬಿಡಿಸಿದ ಎಂದು ಅವಳಿಗೆ ಗೊತ್ತಿಲ್ಲ. ವಿಚಾರಿಸಿದರೆ ಮಗನಿಗೂ ಪೂರ್ತಿ ಗೊತ್ತಿರಲಿಲ್ಲ. "ಪ್ಯಾಟರ್ನ್ ಕಾಣಿಸ್ತು ಮಾವ, ಹಾಕ್ಬಿಟ್ಟೆ. ಪ್ರೂಫ್ ಎಲ್ಲಾ ಆಮೇಲೆ." ಆಮೇಲೆ ಎಂಬ ಆ ಹೊತ್ತು ಮೂರು ವರ್ಷದಿಂದ ಬಂದಿಲ್ಲ.

ಅವನ ಬಳಿ ಟೆಂಪ್ಲೇಟ್ ಎಂಬ ಒಂದು ಆಸ್ತಿ ಇದೆ. ಇನ್ನೂ ಲೆಕ್ಕ ಓದುವ ಮೊದಲೇ ಫೈಲಿನಲ್ಲಿ ಮುನ್ನೂರು ಸಾಲು ಬಂದು ಕೂತಿರುತ್ತದೆ. ಸೆಗ್ಮೆಂಟ್ ಟ್ರೀ, ಫೆನ್ವಿಕ್ ಟ್ರೀ, ಡಿಎಸ್‌ಯು, ಎಲ್‌ಸಿಎ, 1,000,000,007ರಿಂದ ಭಾಗಿಸಿ ಶೇಷ ಹಿಡಿಯುವ ಗಣಿತ, ಎಲ್ಲವೂ ಮದುವೆಮನೆಯ ಪಾತ್ರೆಗಳಂತೆ ತೊಳೆದು ಬೋರಲು ಹಾಕಿ ಸಿದ್ಧ. ಫಾರ್ ಲೂಪ್ ಎಂದು ಪೂರ್ತಿ ಬರೆದರೆ ಸಮಯ ಹೋಗುತ್ತದೆಂದು ಅದಕ್ಕೂ ಎರಡಕ್ಷರದ ಸಂಕ್ಷೇಪ. ಇಂಟ್ ಅಂದರೆ ಲಾಂಗ್ ಲಾಂಗ್ ಎಂದು ಮೇಲೆಯೇ ಘೋಷಿಸಿಬಿಟ್ಟಿದ್ದಾನೆ, ಸಂಖ್ಯೆ ಎಷ್ಟು ದೊಡ್ಡದಾಗಬಹುದು ಎಂದು ಅಂದಾಜು ಮಾಡುವ ಕಷ್ಟವೂ ತಪ್ಪಿತು. ಚಲಕಗಳ ಹೆಸರು ಎ, ಬಿ, ಸಿ, ಡಿ, ಎರಡನೇ ಸುತ್ತಿಗೆ ಎಎ, ಬಿಬಿ. ಹೆಸರಿಡುವುದಕ್ಕೆ ಬುದ್ಧಿ ಬೇಕು, ಬುದ್ಧಿಗೆ ಸಮಯ ಬೇಕು, ಸಮಯಕ್ಕೆ ನಿಮಿಷಕ್ಕೆ ಎರಡು ಅಂಕ.

ನನಗೆ ಕಂಬಳ ನೆನಪಾಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಒಬ್ಬರು 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಅವರ 9.58ರ ಪಕ್ಕದಲ್ಲಿ ಇಟ್ಟರು. ದೇಶ ಹುಚ್ಚೆದ್ದು ಕುಣಿಯಿತು, ದೆಹಲಿಯಿಂದ ಟ್ರಯಲ್ಸಿಗೆ ಕರೆ ಬಂತು. ಓಡಿದವರು ಮಾತ್ರ ವಿವೇಕಿ. ಟ್ರ್ಯಾಕಿನ ಓಟವೇ ಬೇರೆ, ಕಂಬಳವೇ ಬೇರೆ ಎಂದು ಊರಲ್ಲೇ ಉಳಿದರು. ಮುಂದೆ ಎರಡು ಕೋಣ ಎಳೆಯುತ್ತಿದ್ದವು ಎಂಬ ಸಣ್ಣ ಸಂಗತಿ ಕೋಣ ಕಟ್ಟಿದವರಿಗೆ ಗೊತ್ತಿತ್ತು. ನಮ್ಮ ಹುಡುಗರಿಗೆ ಟೆಂಪ್ಲೇಟ್ ಎಳೆಯುತ್ತಿರುವುದು ಗೊತ್ತೇ ಆಗಿಲ್ಲ. ಕೋಣದ ವೇಗವನ್ನು ತಮ್ಮ ಬಯೋಡೇಟಾದಲ್ಲಿ ಬರೆದುಕೊಳ್ಳುತ್ತಿದ್ದಾರೆ.

ಒಮ್ಮೆ ಅವನನ್ನು ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ ಬಗ್ಗೆ ಕೇಳಿದೆ. "ಡೈಕ್‌ಸ್ಟ್ರಾ ಬರೀತೀಯಾ?"

"ಐವತ್ತು ಸೆಕೆಂಡ್ ಮಾವ. ಟೈಮರ್ ಹಾಕಿ ಬೇಕಾದ್ರೆ."

"ರಸ್ತೆಯ ಉದ್ದ ಮೈನಸ್ ಇದ್ದರೆ ಅದು ಯಾಕೆ ಕೆಲಸ ಮಾಡಲ್ಲ?"

"ಮೈನಸ್ ಇದ್ರೆ ಬೆಲ್‌ಮನ್ ಫೋರ್ಡ್ ಹಾಕ್ಬೇಕು."

"ಅದು ಸರಿ, ಇದು ಯಾಕೆ ಆಗಲ್ಲ?"

"ಆಗಲ್ಲ ಮಾವ. ಟೆಸ್ಟ್ ಕೇಸ್ ಹೋಗುತ್ತೆ."

ಎಡ್ಸ್‌ಗರ್ ಡೈಕ್‌ಸ್ಟ್ರಾ ಕತೆ ಅವನಿಗೆ ಹೇಳಬೇಕೆನಿಸಿತು, ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ. 1956ರ ಒಂದು ಬೆಳಿಗ್ಗೆ ಆತ ತನ್ನನ್ನು ಮದುವೆಯಾಗಲಿದ್ದ ಹುಡುಗಿಯ ಜೊತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ಸುತ್ತಿ ಸುಸ್ತಾಗಿ ಒಂದು ಕಾಫಿ ಅಂಗಡಿಯ ಜಗಲಿಯಲ್ಲಿ ಕೂತ. ಒಂದು ಊರಿಂದ ಇನ್ನೊಂದು ಊರಿಗೆ ಅತಿ ಹತ್ತಿರದ ದಾರಿ ಹೇಗೆ ಹುಡುಕುವುದು ಎಂದು ಕಾಗದವಿಲ್ಲದೆ, ಪೆನ್ನಿಲ್ಲದೆ, ಕಾಫಿ ಹೀರುತ್ತ ಯೋಚಿಸಿದ. ಸುಮಾರು 20 ನಿಮಿಷದಲ್ಲಿ ಆ ಅಲ್ಗಾರಿದಮ್ ಹೊಳೆಯಿತು. ಪ್ರಕಟಿಸಿದ್ದು 1959ರಲ್ಲಿ. ಮೂರು ವರ್ಷ ಅವಸರವೇ ಇರಲಿಲ್ಲ ಆ ಮನುಷ್ಯನಿಗೆ.

ಇನ್ನು ಕಾಕತಾಳೀಯ ನೋಡಿ. ಕಾಲೇಜು ತಂಡಗಳ ಅತಿ ದೊಡ್ಡ ಪಂದ್ಯ ಐಸಿಪಿಸಿ. ಮೂವರು ಹುಡುಗರಿಗೆ ಒಂದೇ ಕಂಪ್ಯೂಟರ್, ಐದು ಗಂಟೆ, ಬಿಡಿಸಿದ ಒಂದೊಂದು ಲೆಕ್ಕಕ್ಕೆ ಒಂದೊಂದು ಬಲೂನು. ಅಲ್ಲಿ ತಪ್ಪು ಉತ್ತರ ಕೊಟ್ಟು ಆಮೇಲೆ ಸರಿಪಡಿಸಿದರೆ ಪ್ರತಿ ತಪ್ಪಿಗೆ ದಂಡ ಎಷ್ಟು? 20 ನಿಮಿಷ. ಡೈಕ್‌ಸ್ಟ್ರಾ ಒಂದು ಅಲ್ಗಾರಿದಮ್ ಕಂಡುಹಿಡಿಯಲು ತೆಗೆದುಕೊಂಡ ಸಮಯ ಇವತ್ತು ಒಂದು ಅಲ್ಪವಿರಾಮದ ತಪ್ಪಿಗೆ ಕಟ್ಟುವ ಜುಲ್ಮಾನೆ.

ಬೈನರಿ ಸರ್ಚ್ ಗೊತ್ತಲ್ಲ, ನಿಘಂಟಿನಲ್ಲಿ ಪದ ಹುಡುಕುವಾಗ ನಡುವೆ ತೆರೆದು ಆ ಕಡೆಯೋ ಈ ಕಡೆಯೋ ಎಂದು ಅರ್ಧರ್ಧ ಕಳೆಯುತ್ತ ಹೋಗುತ್ತೇವಲ್ಲ, ಅದು. ಅದರ ಮೊದಲ ರೂಪ ಅಚ್ಚಾದದ್ದು 1946ರಲ್ಲಿ. ಎಲ್ಲ ಸಂದರ್ಭಕ್ಕೂ ಸರಿಹೊಂದುವ ರೂಪ ಅಚ್ಚಾದದ್ದು 1960ರಲ್ಲಿ ಎಂದು ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ಹದಿನಾಲ್ಕು ವರ್ಷ. ನಿಮಿಷಕ್ಕೆ 2 ಅಂಕದಂತೆ ಆ ಮಹನೀಯರ ತಲೆಯ ಮೇಲಿರುವ ಬಾಕಿ ಹೆಚ್ಚುಕಡಿಮೆ 1 ಕೋಟಿ 47 ಲಕ್ಷ ಅಂಕ. ಇಷ್ಟಾದ ಮೇಲೂ ಜಾವಾ ಭಾಷೆಯ ಜೊತೆಗೇ ಬರುತ್ತಿದ್ದ ಬೈನರಿ ಸರ್ಚಿನಲ್ಲಿ, ಎರಡು ದೊಡ್ಡ ಸಂಖ್ಯೆ ಕೂಡಿಸಿದರೆ ತುಂಬಿ ಚೆಲ್ಲುವ ದೋಷವೊಂದು ಉಳಿದಿತ್ತು, ಅದು ಬಯಲಾದದ್ದು 2006ರಲ್ಲಿ. ನಮ್ಮ ಹುಡುಗ ಇದನ್ನು ಹನ್ನೊಂದು ಸೆಕೆಂಡಿನಲ್ಲಿ ಬರೆಯುತ್ತಾನೆ. ಕರೆದುಬಿಡುತ್ತಾನೆ ಅನ್ನಬೇಕು, ಬರೆಯುವುದೆಲ್ಲಿ ಬಂತು, ಲೋವರ್ ಬೌಂಡ್ ಎಂದು ಕೂಗಿದರೆ ಓಡಿ ಬರುತ್ತದೆ.

8:21. ಬಿ ಆಯಿತು. ಈ ನಡುವೆ ಅಕ್ಕ ಬಾಗಿಲ ಸಂದಿಯಿಂದ ತಲೆ ಹಾಕಿ, "ಪುಟ್ಟಾ, ಹಾಲಿನವನಿಗೆ ಎಷ್ಟು ಕೊಡ್ಬೇಕಿತ್ತೋ?" ಎಂದು ಕೇಳಿದಳು. ಒಳಗಿಂದ ಬಂದ ಉತ್ತರವನ್ನು ಇಲ್ಲಿ ಬರೆಯಲಾಗದು.

ನನಗೆ ಮಾತ್ರ ಅವಧಾನದ ಸಭೆಯೇ ಕಣ್ಣಮುಂದೆ ಬಂತು. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು ಸುತ್ತ ಕೂತಿರುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ, ಅದನ್ನು ತುಂಬಿಸಿ ಪದ್ಯ ಮಾಡುವುದಕ್ಕೆ ಹೆಸರೇ ಸಮಸ್ಯಾಪೂರಣ. ಇನ್ನೊಬ್ಬರು ನಿಷೇಧಾಕ್ಷರಿಯವರು, ಅವಧಾನಿ ಒಂದಕ್ಷರ ಹೇಳಿದ ಕೂಡಲೇ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದು ಬೇಡ ಎನ್ನುತ್ತಾರೆ, ಥೇಟ್ ನಮ್ಮ ಹುಡುಗನ ಉತ್ತರವನ್ನು ಬೀಳಿಸಲೆಂದೇ ಕಟ್ಟಿದ ಟೆಸ್ಟ್ ಕೇಸಿನ ಹಾಗೆ. ಮತ್ತೊಬ್ಬರು ಅಪ್ರಸ್ತುತ ಪ್ರಸಂಗಿ. ಅವರ ಕೆಲಸವೇ ನಡುನಡುವೆ ಸಂಬಂಧವಿಲ್ಲದ್ದನ್ನು ಕೇಳಿ ಧ್ಯಾನ ಕೆಡಿಸುವುದು. ಆ ಹುದ್ದೆಯನ್ನು ನಮ್ಮ ಅಕ್ಕ ಸಂಬಳವಿಲ್ಲದೆ ನಿಭಾಯಿಸುತ್ತಿದ್ದಾಳೆ. ಒಂದೇ ಕೊರತೆ, ಅವಧಾನಿ ಅಪ್ರಸ್ತುತ ಪ್ರಶ್ನೆಗೆ ಸಭೆ ನಗುವಂಥ ಉತ್ತರ ಕೊಟ್ಟು ತನ್ನ ಪದ್ಯಕ್ಕೆ ಮರಳುತ್ತಾರೆ, ಇವನು ಬಾಗಿಲು ಹಾಕಿಕೊಂಡ. ಇನ್ನೊಂದು ಕೊರತೆಯನ್ನೂ ಹೇಳಬೇಕು. ಅಲ್ಲಿ ಯಾರೂ ಸ್ಟಾಪ್‌ವಾಚ್ ಹಿಡಿದು ನಿಂತಿರುವುದಿಲ್ಲ. ಪದ್ಯ ಕೂತಿತು ಎಂದಾಗ ಚಪ್ಪಾಳೆ ಬೀಳುತ್ತದೆಯೇ ಹೊರತು, ಹಿಂದಿನವರಿಗಿಂತ ಮೂರು ಸೆಕೆಂಡ್ ಮೊದಲೇ ಕೂತಿತು ಎಂದಲ್ಲ.

ಇಷ್ಟೆಲ್ಲ ಮಾತಾಡುವ ನಾನೇನು ಕಡಿಮೆ? ನಾನೂ ಕದ್ದುಮುಚ್ಚಿ ಆಡುತ್ತೇನೆ. ಈ ಲೋಕದಲ್ಲಿ ವರ್ಣಾಶ್ರಮವಿದೆ, ರೇಟಿಂಗ್ ನೋಡಿ ವರ್ಣ ಕೊಡುತ್ತಾರೆ. 1200ಕ್ಕಿಂತ ಕೆಳಗಿದ್ದರೆ ಬೂದು. ಆಮೇಲೆ ಹಸಿರು, 1400ಕ್ಕೆ ತಿಳಿನೀಲಿ, 1600ಕ್ಕೆ ನೀಲಿ, 1900ಕ್ಕೆ ನೇರಳೆ, 2100ಕ್ಕೆ ಕಿತ್ತಳೆ, 2400ಕ್ಕೆ ಕೆಂಪು. 3000 ದಾಟಿದವರ ಹೆಸರಿನ ಮೊದಲಕ್ಷರ ಕಪ್ಪಾಗುತ್ತದೆ, ಅದು ಮೋಕ್ಷ. ಮನುವಿನ ವ್ಯವಸ್ಥೆಗಿಂತ ಇದು ಉದಾರ ಎಂದೇ ಹೇಳಬೇಕು, ಭಾನುವಾರ ನೀಲಿಯಾಗಿದ್ದವನು ಬುಧವಾರ ತಿಳಿನೀಲಿಯಾಗಬಹುದು. ನಮ್ಮ ಹುಡುಗ ಅಂಥ ತ್ರಿಶಂಕು. ನಾನು ಬೂದು. ಹುಟ್ಟು ಬೂದು, ಬಹುಶಃ ಕಡೆಗೂ ಬೂದಿಯೇ.

ನನ್ನ ಬೂದು ಬಣ್ಣಕ್ಕೆ ನಾನು ಕೊಟ್ಟುಕೊಂಡಿರುವ ಕಾರಣ ಬಹಳ ಗಂಭೀರವಾದದ್ದು. ನಾನು ಆಳಕ್ಕೆ ಇಳಿಯುವವನು. ವೇಗ ಅಲ್ಪರ ಲಕ್ಷಣ. ಎ ಲೆಕ್ಕವನ್ನೇ ನಲವತ್ತು ನಿಮಿಷ ನೋಡುತ್ತ ಕೂರುತ್ತೇನೆ, ಅದರ ತತ್ವವನ್ನು ಧ್ಯಾನಿಸುತ್ತೇನೆ. ಒಂದು ದಿನ ಈ ಆಳದ ಪ್ರವಚನ ಮಾಡುತ್ತಿದ್ದಾಗ ಹುಡುಗ ಕತ್ತೆತ್ತದೆ ಹೇಳಿದ: "ಮಾವ, ನೀವು ಆಳಕ್ಕೆ ಇಳೀತಿಲ್ಲ, ಮುಳುಗ್ತಿದೀರ." ಅಂದಿನಿಂದ ಪ್ರವಚನ ನಿಂತಿದೆ. ವಯಸ್ಸಾದ ನಿಧಾನಸ್ಥರೆಲ್ಲ ತಮ್ಮ ನಿಧಾನಕ್ಕೆ ಆಳ ಎಂದು ಹೆಸರಿಡುತ್ತಾರೆ. ಹಾಳು ಬಾವಿಯೂ ಆಳವಾಗಿಯೇ ಇರುತ್ತದೆ, ಬಿಂದಿಗೆ ಬಿಟ್ಟರೆ ಕಪ್ಪೆ ಬರುತ್ತದೆ.

ಮೇಲಿನ ಮೆಟ್ಟಿಲಿನಲ್ಲಿ ವೇಗಕ್ಕೂ ಆಳಕ್ಕೂ ಈ ಜಗಳವೇ ಇಲ್ಲ ಎಂಬುದು ಇನ್ನೂ ಹೊಟ್ಟೆಯುರಿಸುವ ವಿಷಯ. ಬೆಲಾರೂಸಿನ ಗೋಮೆಲ್ ಊರಿನ ಗೆನ್ನಾಡಿ ಕೊರೊತ್ಕೆವಿಚ್, ಆಟದ ಹೆಸರು ಟೂರಿಸ್ಟ್, 11ನೇ ವಯಸ್ಸಿಗೆ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನಲ್ಲಿ ಬೆಳ್ಳಿ ತಂದವರು. ಆಮೇಲೆ 2007ರಿಂದ 2012ರವರೆಗೆ ವರ್ಷಕ್ಕೊಂದರಂತೆ ಆರು ಚಿನ್ನ. 2024ರಲ್ಲಿ ಕೋಡ್‌ಫೋರ್ಸಸ್‌ನಲ್ಲಿ 4000 ದಾಟಿದ ಮೊದಲಿಗರೂ ಅವರೇ. ಗಮನಿಸಿ, ಆ ಒಲಿಂಪಿಯಾಡಿನಲ್ಲಿ ಬೇಗ ಮುಗಿಸಿದ್ದಕ್ಕೆ ಬಿಡಿಗಾಸಿನ ಲಾಭವಿಲ್ಲ. ಐದು ಗಂಟೆಗೆ ಮೂರು ಲೆಕ್ಕ, ನಾಲ್ಕು ಗಂಟೆ ಐವತ್ತೊಂಬತ್ತನೇ ನಿಮಿಷಕ್ಕೆ ಹೊಳೆದರೂ ಅಷ್ಟೇ ಅಂಕ. ಅಲ್ಲಿ ಗೆದ್ದವರೇ ಇಲ್ಲಿ ವೇಗದಲ್ಲೂ ಗೆಲ್ಲುತ್ತಾರೆ. ಅವರ ವೇಗ ಆಳದ ತಳದಿಂದ ಬಂದದ್ದು, ಬುಗ್ಗೆಯ ಹಾಗೆ. ನಮ್ಮ ಹುಡುಗರದು ನಲ್ಲಿಯ ವೇಗ, ಮೇಲೆ ಯಾರೋ ಟ್ಯಾಂಕ್ ತುಂಬಿಸಿದ್ದಾರೆ. ನನ್ನದು ಇತ್ತ ಬುಗ್ಗೆಯೂ ಅಲ್ಲ, ಅತ್ತ ನಲ್ಲಿಯೂ ಅಲ್ಲ.

8:48. ಸಿ ಆಯಿತು. ಈಗ ಶುರುವಾಗುತ್ತದೆ ನಿಜವಾದ ತಮಾಷೆ. ಡಿ ಲೆಕ್ಕ ಇವನಿಗೂ ಬರುವುದಿಲ್ಲ, ಇವನ ಮುಂದಿನ ಐದು ಸಾವಿರ ಜನಕ್ಕೂ ಬರುವುದಿಲ್ಲ, ಹಿಂದಿನ ಐದು ಸಾವಿರ ಜನಕ್ಕೂ ಬರುವುದಿಲ್ಲ. ಲೆಕ್ಕ ಕಟ್ಟಿದ ಪುಣ್ಯಾತ್ಮರು ಸಿ ಎಂಬಲ್ಲಿಗೆ ಮೆಟ್ಟಿಲು ನಿಲ್ಲಿಸಿ, ಡಿ ಎಂಬುದನ್ನು ನೇರ ಶ್ರವಣಬೆಳಗೊಳದ ಬೆಟ್ಟದ ಮೇಲೆ ಇಟ್ಟಿದ್ದಾರೆ. ನಡುವೆ ಏನೂ ಇಲ್ಲ. ಹಾಗಾಗಿ ಹತ್ತು ಸಾವಿರ ಜನ ಅದೇ ಮೂರು ಲೆಕ್ಕ ಬಿಡಿಸಿ ಅದೇ ಮೆಟ್ಟಿಲಿನ ಮೇಲೆ ನಿಂತಿದ್ದಾರೆ. ಇವರಲ್ಲಿ ಯಾರು ಜಾಣ, ಯಾರು ದಡ್ಡ ಎಂದು ತೀರ್ಮಾನವಾಗುವುದು ಹೇಗೆ? ಯಾರು ಬೇಗ ಬೆರಳಾಡಿಸಿದರೋ ಅವರು ಜಾಣರು. ಎ ಲೆಕ್ಕದಲ್ಲಿ ಎರಡು ನಿಮಿಷ ಮುಂದಿದ್ದವ ಸಾವಿರ ಸ್ಥಾನ ಮೇಲಿರುತ್ತಾನೆ. ಹಿಂದೆ ಗಾಂಧಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇದನ್ನೇ ತಿಂಗಳಿಗೆ ಮೂವತ್ತು ರೂಪಾಯಿಗೆ ಕಲಿಸುತ್ತಿದ್ದರು, ಜೊತೆಗೆ ಕಾಪಿಯಲ್ಲಿ ತಪ್ಪಿದ್ದರೆ ಬೆರಳಿನ ಗಂಟಿನ ಮೇಲೆ ಸ್ಕೇಲಿನ ಏಟೂ ಇತ್ತು. ಆ ಪರೀಕ್ಷೆಯನ್ನು ಸೀನಿಯರ್ ಎಂದು ಕರೆಯುತ್ತಿದ್ದರೇ ಹೊರತು ಗ್ರ್ಯಾಂಡ್‌ಮಾಸ್ಟರ್ ಎಂದಲ್ಲ. ಆಡುವ ಹುಡುಗರೇ ಇಂಥ ರೌಂಡುಗಳಿಗೆ ಸ್ಪೀಡ್‌ಫೋರ್ಸಸ್ ಎಂದು ಅಡ್ಡಹೆಸರಿಟ್ಟಿದ್ದಾರೆ. ಬೈಯುತ್ತಾರೆ, ಮುಂದಿನ ರೌಂಡಿಗೆ ಅವರೇ ಮೊದಲು ಹೆಸರು ನೋಂದಾಯಿಸುತ್ತಾರೆ.

ಬೆಂಗಳೂರಿನವರಾಗಿ ನಾವು ವೇಗವನ್ನು ಹೀಗಳೆಯುವ ಹಾಗೂ ಇಲ್ಲ. ಶಕುಂತಲಾ ದೇವಿ ನಮ್ಮ ಊರಲ್ಲಿ ಹುಟ್ಟಿದವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಯನ್ನು 28 ಸೆಕೆಂಡಿನಲ್ಲಿ ಗುಣಿಸಿ ಗಿನ್ನಿಸ್ ಪುಸ್ತಕ ಸೇರಿದರು. ನಮ್ಮ ಮನೆಗಳಲ್ಲಿ ಮಗ್ಗಿ ತಪ್ಪಿದ ಮಕ್ಕಳಿಗೆಲ್ಲ ಅವರ ಹೆಸರು ಹೇಳಿ ಹೇಳಿ ಬೈದಿದ್ದಾರೆ. ಅದೇ ಗುಣಾಕಾರದ್ದೇ ಇನ್ನೊಂದು ಕತೆ ಇದೆ, ಅದನ್ನು ಹೇಳಿ ಯಾರೂ ಬೈಯುವುದಿಲ್ಲ.

1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಆಂದ್ರೇ ಕೊಲ್ಮೊಗೊರೊವ್ ಎಂಬ ಮಹಾ ಗಣಿತಜ್ಞರು ಒಂದು ಸೆಮಿನಾರ್ ನಡೆಸುತ್ತಿದ್ದರು. ನಾವು ಶಾಲೆಯಲ್ಲಿ ಕಲಿತ ಗುಣಾಕಾರವಿದೆಯಲ್ಲ, ಮೇಲಿನ ಒಂದೊಂದು ಅಂಕಿಯನ್ನು ಕೆಳಗಿನ ಒಂದೊಂದು ಅಂಕಿಯಿಂದ ಗುಣಿಸಿ ಸಾಲಾಗಿ ಬರೆದು ಕೂಡಿಸುವುದು, ಅದಕ್ಕಿಂತ ಮೂಲಭೂತವಾಗಿ ಕಡಿಮೆ ಕೆಲಸದಲ್ಲಿ ಗುಣಿಸಲು ಸಾಧ್ಯವೇ ಇಲ್ಲ ಎಂದು ಅವರ ಊಹೆ. ಸಾವಿರಾರು ವರ್ಷ ಜನ ಗುಣಿಸಿದ್ದಾರೆ, ಬೇರೆ ದಾರಿ ಇದ್ದಿದ್ದರೆ ಯಾರಿಗಾದರೂ ಸಿಗುತ್ತಿತ್ತು ಎಂಬುದು ಅದರ ಹಿಂದಿನ ನಂಬಿಕೆ. ಕೂತು ಕೇಳಿದವರಲ್ಲಿ ಅನತೋಲಿ ಕರತ್ಸುಬಾ ಎಂಬ 23 ವರ್ಷದ ವಿದ್ಯಾರ್ಥಿ ಇದ್ದ. ಮನೆಗೆ ಹೋದ. ಒಂದು ವಾರ ಯೋಚಿಸಿದ. ಸಂಖ್ಯೆಯನ್ನು ಎರಡು ತುಂಡು ಮಾಡಿದರೆ ನಾಲ್ಕು ಗುಣಾಕಾರ ಬೇಕಾದ ಕಡೆ ಮೂರೇ ಸಾಕು, ಉಳಿದದ್ದನ್ನು ಕೂಡಿಸಿ ಕಳೆದು ಪಡೆಯಬಹುದು ಎಂದು ಕಂಡುಕೊಂಡ. ತುಂಡುಗಳನ್ನೂ ಮತ್ತೆ ತುಂಡು ಮಾಡುತ್ತ ಹೋದರೆ ಉಳಿತಾಯ ಬೆಳೆಯುತ್ತಲೇ ಹೋಗುತ್ತದೆ. ಕೊಲ್ಮೊಗೊರೊವ್ ಮುಂದಿನ ಸಭೆಯಲ್ಲಿ ಅದನ್ನು ತಾವೇ ವಿವರಿಸಿ, ಸೆಮಿನಾರನ್ನೇ ಮುಗಿಸಿಬಿಟ್ಟರು. ಎರಡು ವರ್ಷದ ಮೇಲೆ ಆ ಶೋಧವನ್ನು ತಾವೇ ಬರೆದು, ಹುಡುಗನಿಗೂ ಹೇಳದೆ, ಅವನ ಹೆಸರಿನಲ್ಲೇ ಅಚ್ಚಿಗೆ ಕೊಟ್ಟರು. ಗೈಡು ಬರೆಯುವುದು, ವಿದ್ಯಾರ್ಥಿಯ ಹೆಸರು ಹಾಕುವುದು! ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೀಗಾದರೆ ವಿಚಾರಣಾ ಸಮಿತಿ ಕೂರುತ್ತದೆ.

ಶಕುಂತಲಾ ದೇವಿಯವರದು 28 ಸೆಕೆಂಡ್, ಕರತ್ಸುಬಾ ಅವರದು ಒಂದು ವಾರ. ಆ 28 ಸೆಕೆಂಡು ಅವರ ಜೊತೆಗೇ ಹೋಯಿತು, ಇನ್ನೊಬ್ಬರಿಗೆ ದಾಟಿಸಲು ಆಗುವಂಥದ್ದಲ್ಲ ಅದು. ಆ ವಾರ ಇವತ್ತಿಗೂ ದೊಡ್ಡ ಸಂಖ್ಯೆ ಗುಣಿಸುವ ಸಾಫ್ಟ್‌ವೇರುಗಳ ಒಳಗೆ ಕೆಲಸ ಮಾಡುತ್ತಿದೆ. ನಮ್ಮ ಹುಡುಗನ ಟೆಂಪ್ಲೇಟಿನಲ್ಲೂ ಅದಕ್ಕೆ ಜಾಗವಿದೆ, 214ನೇ ಸಾಲಿನಿಂದ. "ಕರತ್ಸುಬಾ ಅಂದ್ರೆ ಯಾರು?" ಎಂದು ಕೇಳಿದ್ದಕ್ಕೆ, "ಕರಾಟೆ ಥರಾನಾ ಮಾವ?" ಎಂದ. ಅರ್ಧ ತಮಾಷೆಗೆ ಅಂದ ಎಂದುಕೊಂಡಿದ್ದೇನೆ.

ನಿಧಾನಕ್ಕೂ ಒಂದು ಕಾಲದಲ್ಲಿ ಅಂಗಡಿ ಇತ್ತು, ಅದನ್ನೂ ಹೇಳಿಬಿಡಬೇಕು. ನಮ್ಮ ದೇಶದ್ದೇ ಕೋಡ್‌ಶೆಫ್ ತಾಣದಲ್ಲಿ ತಿಂಗಳಿಗೊಂದು ಲಾಂಗ್ ಚಾಲೆಂಜ್ ನಡೆಯುತ್ತಿತ್ತು. ಹತ್ತು ದಿನ. ಓದಿ, ಮಲಗಿ, ಎದ್ದು, ಪುಸ್ತಕ ತಿರುವಿ, ಗೊತ್ತಿಲ್ಲದ ಅಲ್ಗಾರಿದಮ್ ಕಲಿತು ಬಿಡಿಸುವಷ್ಟು ಸಮಯ. ನನ್ನಂಥವರ ಸ್ವರ್ಗ. ಹತ್ತು ದಿನ ಕೊಟ್ಟಾಗ ನಮ್ಮ ಜನ ಹತ್ತು ದಿನ ಯೋಚಿಸಿದರೇ? ಮೂರನೇ ದಿನಕ್ಕೆ ಉತ್ತರಗಳು ಗುಂಪಿನಿಂದ ಗುಂಪಿಗೆ ಹರಿದಾಡತೊಡಗಿದವು. ಚಲಕದ ಹೆಸರು ಬದಲಿಸಿ ಒಪ್ಪಿಸುವುದೇ ಒಂದು ವಿದ್ಯೆಯಾಯಿತು. ಕಡೆಗೆ ಪಂದ್ಯದ ಅವಧಿಯನ್ನೇ ಮೊಟಕುಗೊಳಿಸಿದರು. ಯೋಚಿಸಲು ಸಮಯ ಕೊಟ್ಟರೆ ಕದಿಯುತ್ತಾರೆ, ಕದಿಯಲು ಸಮಯ ಕೊಡದಿದ್ದರೆ ಯೋಚಿಸಲಾರರು. ಆಳದವರ ಪರವಾಗಿ ವಾದಿಸಲು ಹೊರಟ ನನ್ನ ಕೇಸು ಅಲ್ಲೇ ವಜಾ ಆಯಿತು.

ಇಷ್ಟರ ನಡುವೆ ಇನ್ನೊಬ್ಬ ಆಟಗಾರ ಬಂದು ಕೂತಿದ್ದಾನೆ, ಅವನಿಗೆ ಊಟವೂ ಬೇಡ, ಕುಕ್ಕರಿನ ಸದ್ದೂ ತಾಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಾಕು ನಗರದಲ್ಲಿ ಐಸಿಪಿಸಿ ವಿಶ್ವ ಫೈನಲ್ಸ್ ನಡೆಯಿತು. 12 ಲೆಕ್ಕದಲ್ಲಿ 11 ಬಿಡಿಸಿ ಸೇಂಟ್ ಪೀಟರ್ಸ್‌ಬರ್ಗಿನ ಹುಡುಗರು ಗೆದ್ದರು. ಅದೇ ಲೆಕ್ಕ, ಅದೇ ಐದು ಗಂಟೆ, ಓಪನ್‌ಎಐ ಯಂತ್ರ 12ಕ್ಕೆ 12, ಗೂಗಲ್ಲಿನ ಜೆಮಿನಿ 10. ಅದಕ್ಕೂ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ಟೋಕಿಯೋದಲ್ಲಿ ಇಂಥದ್ದೇ ಇನ್ನೊಂದು ತಾಣವಾದ ಆಟ್‌ಕೋಡರ್‌ನವರು 10 ಗಂಟೆಯ ಒಂದು ಪಂದ್ಯ ನಡೆಸಿದ್ದರು, ಪೂರ್ತಿ ಸರಿ ಎಂಬ ಉತ್ತರವೇ ಇಲ್ಲದ, ಅಗೆದಷ್ಟೂ ಸ್ವಲ್ಪ ಸ್ವಲ್ಪ ಉತ್ತಮವಾಗುತ್ತ ಹೋಗುವ ಲೆಕ್ಕ. ಅಲ್ಲಿ ಸೈಹೋ ಎಂಬ ಹೆಸರಿನಲ್ಲಿ ಆಡುವ ಪೋಲೆಂಡಿನವರೊಬ್ಬರು ಓಪನ್‌ಎಐ ಯಂತ್ರವನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. ಆ ದಿನ ನಾನು ಅಕ್ಕನ ಮನೆಗೆ ಮೈಸೂರ್ ಪಾಕ್ ತೆಗೆದುಕೊಂಡು ಹೋದೆ. ನಿಧಾನಸ್ಥರ ಕುಲಕ್ಕೆ ಬಂದ ಮೊದಲ ಕಪ್ ಅದು. ಸೆಪ್ಟೆಂಬರಿನಲ್ಲಿ ಹುಡುಗ ಬಾಕುವಿನ ಸುದ್ದಿ ತೋರಿಸಿ, "ಮಾವ, ಮೈಸೂರ್ ಪಾಕ್ ವಾಪಸ್ ಕೊಡ್ಲಾ?" ಎಂದು ಕೇಳಿದ.

10:05. ಕಾಂಟೆಸ್ಟ್ ಮುಗಿಯಿತು. ಡಿ ಲೆಕ್ಕವನ್ನು ಒಂದು ಗಂಟೆ ಹದಿನೇಳು ನಿಮಿಷ ದಿಟ್ಟಿಸಿದ್ದ ಹುಡುಗ ಹೊರಬಂದ. ಅನ್ನ ಆರಿತ್ತು. ಸಾರಿನ ಮೇಲೆ ಕೆನೆ ಕಟ್ಟಿತ್ತು. ತಟ್ಟೆಯ ಪಕ್ಕ ಫೋನು, ಫೋನಿನಲ್ಲಿ ಸಿಸ್ಟಮ್ ಟೆಸ್ಟು. ಪಂದ್ಯದ ಹೊತ್ತಿನಲ್ಲಿ ಯಂತ್ರ ಕೆಲವೇ ಪರೀಕ್ಷೆ ಮಾಡಿ ಸದ್ಯಕ್ಕೆ ಪಾಸು ಎನ್ನುತ್ತದೆ, ಮುಗಿದ ಮೇಲೆ ಪೂರ್ತಿ ಜರಡಿ ಹಿಡಿಯುತ್ತದೆ. ಮೂರನೇ ತುತ್ತಿಗೆ ಅವನ ಕೈ ಬಾಯಿಯ ಹತ್ತಿರ ನಿಂತಿತು. ನಾಲ್ಕು ನಿಮಿಷದಲ್ಲಿ ಬಿಡಿಸಿದ ಎ ಬಿದ್ದುಹೋಗಿತ್ತು. ಆ ಪ್ಯಾಟರ್ನ್ 37ನೇ ಟೆಸ್ಟಿನಲ್ಲಿ ಮುರಿದಿತ್ತು. ಅಕ್ಕ ಇನ್ನೊಂದು ಸೌಟು ಸಾರು ಹಾಕಿ, "ಆಮೇಲೆ ಅಂದಿದ್ಯಲ್ಲ ಪ್ರೂಫು, ಈಗ ಬಂತಾ?" ಎಂದಳು. ಅಪ್ರಸ್ತುತ ಪ್ರಸಂಗಿ ಎಂದು ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೂ ಹುಡುಗ ಬಹಳ ಹೊತ್ತು ಕುಗ್ಗಿರಲಿಲ್ಲ. ಅವನಿಗೆ ಬೇರೆ ಚಿಂತೆ ಇತ್ತು. ಮುಂದಿನ ವಾರ ಒಂದು ಕಂಪನಿಯ ಇಂಟರ್ನ್‌ಶಿಪ್ ಸಂದರ್ಶನ. ಆನ್‌ಲೈನ್ ಪರೀಕ್ಷೆಯನ್ನು ತೊಂಬತ್ತು ನಿಮಿಷಕ್ಕೆ ಬದಲು ಮೂವತ್ತೊಂದು ನಿಮಿಷದಲ್ಲಿ ಮುಗಿಸಿ ಒಳಗೆ ಬಂದಿದ್ದಾನೆ. ಈಗ ಮುಖಾಮುಖಿ, ನಲವತ್ತೈದು ನಿಮಿಷ. ಕೇಳುವ ಪ್ರಶ್ನೆಗಳೆಲ್ಲ ಅವನಿಗೆ ಬಾಯಿಪಾಠ. ತೊಂದರೆ ಇರುವುದೇ ಅಲ್ಲಿ. ಪ್ರಶ್ನೆ ಕೇಳಿದ ಹತ್ತು ಸೆಕೆಂಡಿಗೆ ಉತ್ತರ ಬರೆದರೆ, ಇದನ್ನು ಮೊದಲೇ ನೋಡಿದ್ದಾನೆ ಎಂದು ಅವರು ಬೇರೆ ಪ್ರಶ್ನೆ ಕೊಡುತ್ತಾರಂತೆ. ಅವರಿಗೆ ಬೇಕಿರುವುದು ಥಾಟ್ ಪ್ರೋಸೆಸ್. ಅಂದರೆ ಮೊದಲು ದಡ್ಡ ಉಪಾಯವೊಂದನ್ನು ಹೇಳಬೇಕು, ಸ್ವಲ್ಪ ತಡವರಿಸಬೇಕು, ಎರಡು ಸಲ ತಪ್ಪು ದಾರಿ ಹಿಡಿದು ವಾಪಸ್ ಬರಬೇಕು, ಮೂವತ್ತನೇ ನಿಮಿಷದ ಸುಮಾರಿಗೆ ಕಣ್ಣರಳಿಸಿ ಹೊಳೆಯಿತು ಎನ್ನಬೇಕು. ಮೂರು ವರ್ಷ ಯೋಚನೆಯನ್ನು ಬಿಡಲು ಅಭ್ಯಾಸ ಮಾಡಿದವನು ಈಗ ಒಂದು ವಾರದಲ್ಲಿ ಯೋಚಿಸುವವನಂತೆ ನಟಿಸಲು ಕಲಿಯಬೇಕು. ಸೀನಿಯರ್‌ಗಳು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಾರಂತೆ. ಇವನೂ ಮಾಡಿ ನೋಡಿದ್ದಾನೆ, ಹಲ್ಲುನೋವಿನವನ ಹಾಗೆ ಕಾಣುತ್ತದಂತೆ.

ಕೈ ತೊಳೆದು ಬಂದು ನನ್ನೆದುರು ಕುರ್ಚಿ ಎಳೆದುಕೊಂಡ. ಇಷ್ಟು ವಿನಯವನ್ನು ನಾನು ಅವನಲ್ಲಿ ನಾಮಕರಣದ ದಿನದಿಂದ ಕಂಡಿರಲಿಲ್ಲ.

"ಮಾವ, ನೀವು ಎ ಪ್ರಾಬ್ಲಮ್ ನಲವತ್ತು ನಿಮಿಷ ನೋಡ್ತೀರಲ್ಲ, ಆವಾಗ ಮುಖ ಹೇಗಿಟ್ಕೋತೀರಿ? ಒಂದ್ಸಲ ತೋರ್ಸಿ, ವಿಡಿಯೋ ಮಾಡ್ಕೋತೀನಿ."

ಫೋನು ನನ್ನ ಕಡೆ ತಿರುಗಿತು. ನಾನು ಕನ್ನಡಕ ತೆಗೆದೆ. ಹುಬ್ಬು ಗಂಟಿಕ್ಕಿದೆ, ಎರಡು ಬೆರಳು ಹಣೆಗೆ ಒತ್ತಿ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆಯನ್ನು ದಿಟ್ಟಿಸುತ್ತ ಐವತ್ತು ವರ್ಷದ ಆಳವನ್ನೆಲ್ಲ ಮುಖಕ್ಕೆ ತಂದುಕೊಂಡೆ.

ಅಡುಗೆಮನೆಯಿಂದ ಅಕ್ಕ ಇಣುಕಿದಳು. "ಏನಾಯ್ತೋ? ಗ್ಯಾಸ್ಟ್ರಿಕ್ಕಾ? ಜೀರಿಗೆ ಕಷಾಯ ಇಡ್ಲಾ?"